ಟರ್ಕಿ ವೈನು ಮತ್ತು ತೆರಿಗೆ ಲೆಕ್ಕ

ಕಳೆದ ವರ್ಷ ಮಗಳ ಜೊತೆ ಟರ್ಕಿಯ ಕಪಡೋಕಿಯಾಕ್ಕೆ ಹೋಗಿದ್ದೆ. ಹೋಟೆಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಅಲ್ಲಿನದೇ ವೈನು ತರಿಸಿದೆ. ಬರೀ ಹುಳಿ! ಬಿಲ್ಲು ನೋಡಿ ಮುಖವೂ ಹುಳಿಯಾಯ್ತು.

ಬ್ಯಾಂಕಿನವನು ನೋಡಿ, ಲೆಕ್ಕ ಹಾಕಿದೆ. ಅಲ್ಲಿ ವೈನಿಗೆ ವಿಶೇಷ ತೆರಿಗೆ ಲೀಟರಿಗೆ ಇಷ್ಟು ಅಂತ; ಬಾಟಲಿ ಅಗ್ಗದ್ದಾದರೂ ದುಬಾರಿಯದಾದರೂ ಒಂದೇ. ಮೇಲೆ 20% ವ್ಯಾಟ್. ಅಂದ್ರೆ ಅಗ್ಗದ ಬಾಟಲಿಯಲ್ಲೇ ತೆರಿಗೆಯ ಪಾಲು ಜಾಸ್ತಿ, ವೈನಿನ ಪಾಲು ಕಮ್ಮಿ! ಮರುದಿನ ಸ್ವಲ್ಪ ಹೆಚ್ಚು ಕೊಟ್ಟು ಎಲಾಜಿಗ್ ಕಡೆಯ ಒಕುಜ್‌ಗೊಜು ಕುಡಿದೆ. 'ಎತ್ತಿನ ಕಣ್ಣು' ಅಂತ ಅರ್ಥ. ಸೊಗಸಾಗಿತ್ತು.

ಅಲ್ಲಿನ ದ್ರಾಕ್ಷಿ ಬಹುಪಾಲು, ನಮ್ಮ ವಿಜಯಪುರದ ಹಾಗೆ, ತಿನ್ನೋಕೆ, ಒಣದ್ರಾಕ್ಷಿಗೆ ಹೋಗುತ್ತೆ. ಒಳ್ಳೆ ವೈನಿಗೆ ಗಿರಾಕಿ ಇಲ್ಲದಿದ್ರೆ ರೈತ ಇಂಥ ತಳಿ ಯಾಕೆ ಉಳಿಸ್ತಾನೆ? ಎರಡು ಅಗ್ಗದ್ದು ಬಿಡಿ, ಒಂದು ಒಳ್ಳೇದು ತಗೊಳ್ಳಿ. ನೀವೇನಂತೀರಿ?