ನಲಿಕಲಿ ಕೋಣೆಗೆ ಇನ್ನೊಬ್ಬರು ಬೇಕು

ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ



ಸರ್ಕಾರಿ ಶಾಲೆಯ ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರನ್ನು ‘ತಟ್ಟೆ’ ಎಂಬ ಗುಂಪುಗಳಾಗಿ ಕೂರಿಸಲಾಗುತ್ತದೆ. ಒಂದು ತಟ್ಟೆಯ ಮಕ್ಕಳ ಜೊತೆ ಟೀಚರ್ ಪೂರ್ತಿಯಾಗಿ ಇರಬೇಕು, ಇನ್ನೊಂದಕ್ಕೆ ಆಗಾಗ ಬಂದು ಹೋಗಬೇಕು. ಉಳಿದವರು ಗೆಳೆಯರ ನೆರವಿನಿಂದ ಇಲ್ಲವೇ ತಾವಾಗಿಯೇ ಕಲಿಕಾ ಕಾರ್ಡು ಹಿಡಿದು ಕಲಿಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರಿಂದ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿ ನಿಜಕ್ಕೂ ಸೊಗಸಾದದ್ದು. ಆದರೆ ಒತ್ತಕ್ಷರಕ್ಕೆ ತಡವರಿಸುವ ಮಗುವಿನ ಪಕ್ಕ ಟೀಚರ್ ಹತ್ತು ನಿಮಿಷ ಕೂತರೆ ಸಾಕು, ಉಳಿದ ತಟ್ಟೆಗಳಲ್ಲಿ ಗದ್ದಲ ಏಳುತ್ತದೆ. ಅಷ್ಟರಲ್ಲಿ ಬಿಸಿಯೂಟದ ಲೆಕ್ಕ ಬರೆಯಬೇಕು, ಹಾಲು ಹಂಚಿಸಬೇಕು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು ಮಾತ್ರ ಐದು.

ಹಾಗಾಗಿ ನಲಿಕಲಿ ಕೋಣೆಗೆ ಬೇಕಿರುವುದು ಟೀಚರ್ ಜೊತೆಗೆ ಒಬ್ಬ ಕಲಿಕಾ ಸಹಾಯಕಿ. ಇದು ಬರೀ ಆಸೆಯ ಮಾತಲ್ಲ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಮುಂಬೈ ಮತ್ತು ವಡೋದರದ ಪಾಲಿಕೆ ಶಾಲೆಗಳಲ್ಲಿ ‘ಬಾಲಸಖಿ’ಯರನ್ನು ನೇಮಿಸಿತ್ತು. ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಯುವತಿಯರು ಅವರು. ಓದಿನಲ್ಲಿ ಹಿಂದೆ ಬಿದ್ದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು, ಅಕ್ಷರ–ಅಂಕಿಯಿಂದಲೇ ಕಲಿಸುತ್ತಿದ್ದರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದರು. ಬಾಲಸಖಿಯ ಬಳಿ ಕೂತ ಮಕ್ಕಳು ಗಮನಾರ್ಹವಾಗಿ ಮುಂದೆ ಬಂದಿದ್ದರು. ತರಗತಿಯಲ್ಲೇ ಉಳಿದವರಿಗೆ, ಅಲ್ಲಿ ಸಂಖ್ಯೆ ಕಡಿಮೆಯಾದರೂ, ಅದರಿಂದ ಅಂಥ ಪ್ರಯೋಜನವೇನೂ ಆಗಿರಲಿಲ್ಲ. ಎಂದರೆ ಫಲ ಕೊಟ್ಟದ್ದು ಮಗು ನಿಂತಲ್ಲಿಂದಲೇ ಕಲಿಸಿದ ರೀತಿ.

ಅದೇ ಅಧ್ಯಯನದ ಇನ್ನೊಂದು ಸಂಗತಿಯನ್ನು ತಾವು ವಿಶೇಷವಾಗಿ ಗಮನಿಸಬೇಕು. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ನೋಡಿದರೆ ಗಳಿಕೆಯ ಬಹುಪಾಲು ಕರಗಿಹೋಗಿತ್ತು. ನಡುವೆ ಕೈಬಿಟ್ಟರೆ ಚಿಕ್ಕ ಮಕ್ಕಳ ಕಲಿಕೆಗೆ ಆಗುವ ಪೆಟ್ಟು ಇದು.

ಅತಿಥಿ ಶಿಕ್ಷಕರಿದ್ದಾರಲ್ಲ ಎಂದು ಇಲಾಖೆ ಹೇಳಬಹುದು. ಅವರು ಬರುವುದು ಖಾಲಿ ಬಿದ್ದ ಹುದ್ದೆಯ ಜಾಗಕ್ಕೆ, ಎರಡನೆಯವರಾಗಿ ಅಲ್ಲ. 2025-26ರ ಬಜೆಟ್ಟು ಅವರ ಗೌರವಧನಕ್ಕೆ 2,000 ರೂಪಾಯಿ ಸೇರಿಸಿದ್ದು ಒಳ್ಳೆಯದೇ. ಆದರೂ ಶೈಕ್ಷಣಿಕ ವರ್ಷದ ಜೊತೆಗೆ ಅವರ ಕೆಲಸವೂ ಮುಗಿಯುತ್ತದೆ. ಯಾವ ಮಗು ಕಲಿಕೆಯ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ತಿಳಿದವರು ಮನೆಗೆ ಹೋಗುತ್ತಾರೆ. ಜೂನಿನಲ್ಲಿ ಬೇರೊಬ್ಬರು ಬರಬಹುದು, ಯಾರೂ ಬಾರದೆಯೂ ಇರಬಹುದು.

ಬಾಲಸಖಿಯರಿಗೆ ಸಿಗುತ್ತಿದ್ದುದು ತಿಂಗಳಿಗೆ 500ರಿಂದ 750 ರೂಪಾಯಿ. ಆ ಅಗ್ಗದ ದುಡಿಮೆ ಕರ್ನಾಟಕಕ್ಕೆ ಮಾದರಿಯಾಗಬಾರದು. ಊರಿನಲ್ಲೇ ಇರುವ, ಡಿ.ಇಡಿ. ಮುಗಿಸಿ ಕೆಲಸವಿಲ್ಲದ ಹೆಣ್ಣುಮಕ್ಕಳನ್ನು ಈ ಹುದ್ದೆಗೆ ತೆಗೆದುಕೊಳ್ಳಿ. ಹನ್ನೆರಡು ತಿಂಗಳೂ ಸಂಬಳ ಕೊಡಿ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್) ನಲಿಕಲಿ ತರಬೇತಿ ಕೊಡಿಸಿ. ಶಿಕ್ಷಕರ ಖಾಲಿ ಹುದ್ದೆಗೆ ಅವರನ್ನು ತಳ್ಳಬಾರದು, ಕಚೇರಿಯ ಕಾಗದಪತ್ರ ಹೊರಿಸಬಾರದು ಎಂದು ಆದೇಶದಲ್ಲೇ ಬರೆಸಿ. ಒಂದೇ ಸಲ ರಾಜ್ಯಕ್ಕೆಲ್ಲ ಆಗದಿದ್ದರೆ, ಶಿಕ್ಷಕರ ಕೊರತೆ ತೀವ್ರವಾಗಿರುವ ಕಲ್ಯಾಣ ಕರ್ನಾಟಕದ ತಾಲ್ಲೂಕುಗಳಿಂದ ಶುರು ಮಾಡಿ; ಶಾಲೆ ತೆರೆಯುವ ಮೊದಲೇ ನೇಮಕಾತಿ ಮುಗಿಸಿ.