ಉದ್ದ ಮೂಗಿನ ಲಾರಿಗೆ ವರ್ಷಕ್ಕೆ ಎಷ್ಟು ಖರ್ಚು?

ನಮ್ಮ ಕಡೆ ಸ್ಕೂಟರ್ ಆಗಲಿ ಕಾರಾಗಲಿ, ಹೊಸ ಗಾಡಿ ಮನೆ ಮುಂದೆ ಬಂದು ನಿಂತರೆ ಅಕ್ಕಪಕ್ಕದವರು ಮೊದಲು ಕೇಳೋದು "ಮೈಲೇಜ್ ಎಷ್ಟು ಕೊಡುತ್ತೆ?" ಅಂತ. ಬಣ್ಣ, ಸೀಟು, ಹಾಡಿನ ಡಬ್ಬ ಎಲ್ಲ ಆಮೇಲೆ. ಇಲ್ಲಿ ಅಮೆರಿಕದಲ್ಲಿ ಹದಿನೆಂಟು ಚಕ್ರದ ಸೆಮಿ ಟ್ರಕ್ ಓಡಿಸೋ ನಾಲ್ಕು ಜನ ಸೇರಿದ ಕಡೆ ಇದೇ ಪ್ರಶ್ನೆ ಕೇಳಿ ನೋಡಿ, ಜಗಳವೇ ಶುರುವಾಗುತ್ತೆ.

ಒಂದು ಪಂಗಡಕ್ಕೆ ಲಾರಿ ಅಂದರೆ ಪೀಟರ್‌ಬಿಲ್ಟ್ 379, 389 ಅಥವಾ ಕೆನ್‌ವರ್ತ್ ಡಬ್ಲ್ಯೂ900. ಉದ್ದನೆಯ ಚೌಕ ಬಾನೆಟ್, ಕನ್ನಡಿ ಹಾಗೆ ಹೊಳೆಯೋ ಕ್ರೋಮ್ ಬಂಪರ್, ಎರಡೂ ಕಡೆ ನೆಟ್ಟಗೆ ನಿಂತ ಹೊಗೆ ಕೊಳವೆ, ಮೈತುಂಬ ಪುಟ್ಟ ಪುಟ್ಟ ಹಳದಿ ದೀಪ. ಇನ್ನೊಂದು ಪಂಗಡದ್ದು ಫ್ರೈಟ್‌ಲೈನರ್ ಕ್ಯಾಸ್ಕೇಡಿಯಾ, ಕೆನ್‌ವರ್ತ್ ಟಿ680, ಪೀಟರ್‌ಬಿಲ್ಟ್ 579. ಮೂಗು ಇಳಿಜಾರು, ಮೂಲೆಗಳೆಲ್ಲ ದುಂಡಗೆ, ತಲೆ ಮೇಲೆ ಗಾಳಿ ಜಾರಿಸೋ ಗೋಪುರ. ಮೊದಲನೆಯವರು ಎರಡನೆಯದನ್ನು "ಪ್ಲಾಸ್ಟಿಕ್ ಲಾರಿ" ಅಂತ ಆಡಿಕೊಳ್ತಾರೆ. ಎರಡನೆಯವರು ಡೀಸೆಲ್ ಬಿಲ್ ತೆಗೆದು ತೋರಿಸ್ತಾರೆ. ತಮಾಷೆ ಏನಂದರೆ ಪೀಟರ್‌ಬಿಲ್ಟ್, ಕೆನ್‌ವರ್ತ್ ಎರಡೂ ಪ್ಯಾಕಾರ್ ಅನ್ನೋ ಒಂದೇ ಕಂಪನಿಯವು. ಚಂದವನ್ನೂ ಅವರೇ ಮಾರ್ತಾರೆ, ಮೈಲೇಜನ್ನೂ ಅವರೇ ಮಾರ್ತಾರೆ.

ಈ ಉದ್ದ ಮೂಗಿಗೆ ಒಂದು ಕಾನೂನಿನ ಕಥೆ ಇದೆ. ಹಿಂದೆ ಇಲ್ಲಿನ ಅನೇಕ ರಾಜ್ಯಗಳಲ್ಲಿ ಲಾರಿ ಮತ್ತು ಟ್ರೇಲರ್ ಸೇರಿ ಒಟ್ಟು ಇಷ್ಟೇ ಉದ್ದ ಇರಬೇಕು ಅಂತ ಮಿತಿ ಇತ್ತು. ಮೂಗು ಉದ್ದ ಆದರೆ ಸರಕಿನ ಜಾಗ ಕಮ್ಮಿ. ಹಾಗಾಗಿ ನಮ್ಮ ಊರಿನ ಲಾರಿಗಳ ಹಾಗೆ ಚಪ್ಪಟೆ ಮುಖದವು, ಎಂಜಿನ್ ಮೇಲೆಯೇ ಡ್ರೈವರ್ ಕೂರುವಂಥವು, ರಸ್ತೆ ತುಂಬ ಇದ್ದವು. 1982ರ ಕೇಂದ್ರ ಕಾನೂನು ಆ ಒಟ್ಟು ಉದ್ದದ ಮಿತಿ ತೆಗೆಯಿತು. ಟ್ರೇಲರ್ ಉದ್ದ ಮಾತ್ರ ಲೆಕ್ಕ, ಮುಂದಿನ ಲಾರಿ ಎಷ್ಟಾದರೂ ಇರಲಿ ಅಂತಾಯ್ತು. ಚಪ್ಪಟೆ ಮುಖದವು ಮೆಲ್ಲಗೆ ಮಾಯವಾದವು. ಸಿನಿಮಾ ಬೇರೆ ಸೇರಿಕೊಳ್ತು. 1977ರ 'ಸ್ಮೋಕಿ ಅಂಡ್ ದ ಬ್ಯಾಂಡಿಟ್'ನಲ್ಲಿ ಓಡೋದು ಕೆನ್‌ವರ್ತ್ ಡಬ್ಲ್ಯೂ900. 2007ರ 'ಟ್ರಾನ್ಸ್‌ಫಾರ್ಮರ್ಸ್'ನಲ್ಲಿ ಆಪ್ಟಿಮಸ್ ಪ್ರೈಮ್ ಆಗಿದ್ದು ಪೀಟರ್‌ಬಿಲ್ಟ್ 379. ಇಳಿಜಾರು ಮೂಗಿನ ಕೆನ್‌ವರ್ತ್ ಟಿ600 1985ರಲ್ಲಿ ಬಂದಾಗ ಡ್ರೈವರ್‌ಗಳು ಅದಕ್ಕೆ ಇಟ್ಟ ಅಡ್ಡಹೆಸರು 'ಆಂಟ್‌ಈಟರ್', ಇರುವೆ ತಿನ್ನೋ ಪ್ರಾಣಿ. ನಕ್ಕರು, ಆದರೆ ಇವತ್ತು ಹೆದ್ದಾರಿಯಲ್ಲಿ ಕಾಣೋ ಬಹುಪಾಲು ಲಾರಿಗಳು ಆ ಇರುವೆ ತಿನ್ನೋದರ ವಂಶದವೇ.

ನಾನು ಲಾರಿ ಓಡಿಸೋನಲ್ಲ, ಕೋಡ್ ಬರೆಯೋನು. ಈ ವಿಷಯಕ್ಕೆ ತಲೆ ಹಾಕಿದ್ದು ನಮ್ಮ ಪಕ್ಕದ ಮನೆಯವರಿಂದ. ಸ್ಯಾಕ್ರಮೆಂಟೊ ಹತ್ತಿರದ ಈ ಭಾಗದಲ್ಲಿ ಲಾರಿ ಉದ್ಯೋಗದಲ್ಲಿರೋ ಪಂಜಾಬಿ ಕುಟುಂಬಗಳು ಬಹಳ. ನಮ್ಮ ಪಾಜಿ ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿದವರು. ಈಗ ಸ್ವಂತದ್ದು ತಗೋಬೇಕು. ಅವರ ಕಣ್ಣು ಒಂದು ಕಡುನೀಲಿ 389ರ ಮೇಲೆ. ಅವರ ಹೆಂಡತಿ, ನಾವು ಭಾಭೀಜಿ ಅಂತೀವಿ, ಮನೆ ಮೇಲಿನ ಸಾಲಕ್ಕೆ ತಾನೂ ಸಹಿ ಹಾಕಬೇಕಾದವರು. ಒಂದು ಭಾನುವಾರ ಪರಾಠ ಕಟ್ಟಿಕೊಂಡು ಬಂದು, "ಭಾಯಿ, ನೀನು ಕಂಪ್ಯೂಟರ್‌ನವನು. ಇವರ ಆಸೆಗೆ ತಿಂಗಳಿಗೆ ಎಷ್ಟು ಕೊಡ್ತಾ ಇದ್ದೀವಿ ಅಂತ ಒಂದೇ ಒಂದು ಅಂಕಿ ಹೇಳು" ಅಂದರು. ಇಂಥ ನೇರ ಪ್ರಶ್ನೆಯನ್ನು ನಮ್ಮ ಆಫೀಸಿನ ಮೀಟಿಂಗ್‌ಗಳಲ್ಲಿ ನಾನು ಕೇಳಿಲ್ಲ.

ಲೆಕ್ಕ ಕಷ್ಟದ್ದಲ್ಲ. ಇಲ್ಲಿ ಮೈಲೇಜ್ ಗ್ಯಾಲನ್‌ಗೆ ಎಷ್ಟು ಮೈಲಿ ಅಂತ ಹೇಳ್ತಾರೆ. ಸುಮಾರು 36 ಟನ್ ತೂಕ ಎಳೆಯೋ ಗಾಡಿ, ಉದ್ದ ಮೂಗಿನದು 6 ಕೊಡುತ್ತೆ, ಗಾಳಿಗೆ ಜಾರೋ ಮೈಯದು 8 ಕೊಡುತ್ತೆ ಅಂತ ಇಟ್ಟುಕೊಳ್ಳಿ. ನಮ್ಮ ಭಾಷೆಯಲ್ಲಿ ಲೀಟರ್‌ಗೆ ಎರಡೂವರೆ ಕಿಲೋಮೀಟರ್, ಮತ್ತೆ ಮೂರೂವರೆಗೆ ಸ್ವಲ್ಪ ಕಡಿಮೆ. ದೂರದ ಸರಕು ಒಯ್ಯೋರು ವರ್ಷಕ್ಕೆ 1 ಲಕ್ಷ ಮೈಲಿ ಓಡಿಸೋದು ಸಾಮಾನ್ಯ. ಮೊದಲನೆಯದಕ್ಕೆ 16,667 ಗ್ಯಾಲನ್ ಬೇಕು, ಎರಡನೆಯದಕ್ಕೆ 12,500. ವ್ಯತ್ಯಾಸ 4,167 ಗ್ಯಾಲನ್. ಗ್ಯಾಲನ್‌ಗೆ 4 ಡಾಲರ್ ಹಿಡಿದರೆ ವರ್ಷಕ್ಕೆ 16,600 ಡಾಲರ್ ದಾಟುತ್ತೆ. ಭಾಭೀಜಿ ಕೇಳಿದ ಒಂದೇ ಅಂಕಿ: ತಿಂಗಳಿಗೆ ಸುಮಾರು 1,390 ಡಾಲರ್. ಐದು ವರ್ಷದ ಸಾಲದ ಅವಧಿಗೆ 83,000.

"ಎರಡು ಮೈಲಿ ತಾನೇ?" ಅಂದರು ಪಾಜಿ. ಈ ಎರಡು ಮೈಲಿ ಅನ್ನೋದು ಮೋಸದ ಮಾತು, ಇದನ್ನು ಬಿಡಿಸಿ ಹೇಳಲೇಬೇಕು. ಗ್ಯಾಲನ್‌ಗೆ 5 ಕೊಡೋ ಗಾಡಿ 6ಕ್ಕೆ ಏರಿದರೆ ಲಕ್ಷ ಮೈಲಿಗೆ 3,333 ಗ್ಯಾಲನ್ ಉಳಿಯುತ್ತೆ. 9 ಕೊಡೋದು 10ಕ್ಕೆ ಏರಿದರೆ ಉಳಿಯೋದು 1,111 ಮಾತ್ರ. ಎರಡು ಕಡೆಯೂ ಏರಿದ್ದು ಒಂದೇ ಮೈಲಿ. ಕಡಿಮೆ ಮೈಲೇಜಿನ ಗಾಡಿಯಲ್ಲಿ ಒಂದೊಂದು ಮೈಲಿಗೂ ಬೆಲೆ ಜಾಸ್ತಿ. ನಿಮ್ಮ ಕಾರಿಗೂ ಇದು ಅನ್ವಯಿಸುತ್ತೆ. ಲೀಟರ್‌ಗೆ ಎಷ್ಟು ಕಿಲೋಮೀಟರ್ ಅನ್ನೋ ಬದಲು 100 ಕಿಲೋಮೀಟರ್‌ಗೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕಿ ನೋಡಿ, ಮನೆಯ ಹಳೇ ಗಾಡಿ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾದೀತು.

ಹೋಗೋ ಡೀಸೆಲ್ ಎಲ್ಲಿಗೆ ಹೋಗುತ್ತೆ? ಸಮತಟ್ಟು ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಚಕ್ರಕ್ಕೆ ಬಂದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಗಾಳಿಯನ್ನು ತಳ್ಳೋದಕ್ಕೇ ಬೇಕು. ಉಳಿದದ್ದರಲ್ಲಿ ದೊಡ್ಡ ಪಾಲು ಟೈರುಗಳದ್ದು. ಗಾಳಿಯ ತಡೆ ವೇಗದ ವರ್ಗದ ಹಾಗೆ ಏರುತ್ತೆ. ಗಂಟೆಗೆ 55 ಮೈಲಿಯಿಂದ 65ಕ್ಕೆ ಹೋದರೆ ತಡೆ ಶೇ. 40ರಷ್ಟು ಜಾಸ್ತಿ. ಪಿಯುಸಿಯಲ್ಲಿ ಅಂಕಕ್ಕಾಗಿ ಉರು ಹೊಡೆದ ಸೂತ್ರ ಇಲ್ಲಿ ಒಂದು ಮನೆಯ ಕಂತಾಗಿ ನಿಂತಿದೆ. ಡಬ್ಬದಂಥ ಟ್ರೇಲರ್ ಎತ್ತರ ಹದಿಮೂರೂವರೆ ಅಡಿ. ತಗ್ಗು ತಲೆಯ ಲಾರಿ ಅದನ್ನು ಎಳೆದರೆ ಲಾರಿ ದಾಟಿ ಬಂದ ಗಾಳಿ ನೇರ ಹೋಗಿ ಟ್ರೇಲರ್ ಹಣೆಗೆ ಬಡಿಯುತ್ತೆ. ಹೊರಗೆ ಚಾಚಿದ ಏರ್ ಕ್ಲೀನರ್, ಕೊಳವೆ, ಚೌಕ ದೀಪ, ಗಾಜಿನ ಮೇಲಿನ ಅಗಲ ಹಣೆಪಟ್ಟಿ, ಚಂದ ಕಾಣಲಿ ಅಂತ ಇಟ್ಟ ಪ್ರತಿಯೊಂದು ಒಡವೆಯೂ ಗಾಳಿಗೆ ಅಡ್ಡ ನಿಲ್ಲುತ್ತೆ. 2017ರ ಸೆಪ್ಟೆಂಬರಿನಲ್ಲಿ 'ರನ್ ಆನ್ ಲೆಸ್' ಅಂತ ಒಂದು ಪ್ರಯೋಗ ನಡೆಯಿತು. ನಿಜವಾದ ಸರಕು ಹೊತ್ತ ಏಳು ಲಾರಿಗಳು ಸರಾಸರಿ 10.1 ಮೈಲಿ ಕೊಟ್ಟವು. ನುರಿತ ಡ್ರೈವರ್‌ಗಳು, ಒಳ್ಳೆಯ ಟೈರು, ಗಾಳಿಗೆ ಜಾರೋ ಮೈ, ಮೂರೂ ಸೇರಿದ್ದಕ್ಕೆ.

ಹಾಗಂತ ಉದ್ದ ಮೂಗು ಬರೀ ಶೋಕಿ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಪಾಜಿಯ ವಾದದಲ್ಲೂ ಹುರುಳಿತ್ತು. ಮಾರೋ ಕಾಲಕ್ಕೆ 389ಕ್ಕೆ ಒಳ್ಳೆ ಬೆಲೆ ಬರುತ್ತೆ, ಇದು ನಿಜ. ಕೊಳ್ಳುವಾಗಲೂ ಹೆಚ್ಚೇ ಕೊಟ್ಟಿರ್ತೀರಿ ಅನ್ನೋದು ಅದರ ಜೊತೆಗಿನ ನಿಜ. ಐದು ವರ್ಷದ 83,000 ಡಾಲರನ್ನು ಮರುಮಾರಾಟವೊಂದೇ ತುಂಬಿಕೊಡುತ್ತೆ ಅಂತ ನನಗೆ ಅನ್ನಿಸಲಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಸುತ್ತ ಕೈ ಆಡುತ್ತೆ, ರಿಪೇರಿ ಸುಲಭ ಅಂದರು. ಅದನ್ನೂ ಒಪ್ಪಿದೆ. ಆಮೇಲೆ ಸ್ವಲ್ಪ ತಡೆದು ಹೇಳಿದ್ದು ಇದು: "ತಿಂಗಳಲ್ಲಿ ಇಪ್ಪತ್ತೆರಡು ರಾತ್ರಿ ಮಲಗೋದು ಅದರೊಳಗೆ. ನನ್ನ ಮನೆ ಅದು. ಮನೆ ಚಂದ ಇರಲಿ ಅಂತ ನೀನು ಆಸೆ ಪಡಲ್ವಾ?" ಇದಕ್ಕೆ ನನ್ನ ಸ್ಪ್ರೆಡ್‌ಶೀಟಿನಲ್ಲಿ ಕಾಲಂ ಇರಲಿಲ್ಲ.

ಇನ್ನು ಎಂಥ ಸರಕು ಅನ್ನೋದೇ ಅರ್ಧ ಉತ್ತರ. ಬುಲ್ಡೋಜರ್, ಕಬ್ಬಿಣದ ತೊಲೆ, ದನಕರು ಸಾಗಿಸೋರಿಗೆ ಸರಕೇ ಗಾಳಿಗೆ ಗೋಡೆ. ಮುಂದಿನ ಮೂಗು ನಯವಾದರೂ ಲಾಭ ಅಷ್ಟಕ್ಕಷ್ಟೆ. ವರ್ಷಕ್ಕೆ 40,000 ಮೈಲಿ ಓಡಿಸೋರಿಗೆ ನನ್ನ ಮೇಲಿನ ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯುತ್ತೆ. ಕ್ಯಾಲಿಫೋರ್ನಿಯಾ ಒಳಗೇ ತಿರುಗೋರಿಗೆ ಇಂಥ ಲಾರಿಗಳ ವೇಗಮಿತಿಯೇ 55 ಮೈಲಿ, ಅಲ್ಲಿ ಮೂಗಿನ ದಂಡ ಕಡಿಮೆ. ಅಂಥವರು ಆಸೆ ಪಟ್ಟದ್ದನ್ನೇ ತಗೊಳ್ಳಲಿ, ನಾನು ಅಡ್ಡ ಬರಲ್ಲ. ಒಂದು ಎಚ್ಚರ ಮಾತ್ರ: 2023ರ ಜನವರಿಯಿಂದ ಈ ರಾಜ್ಯದಲ್ಲಿ ಬಹುತೇಕ ದೊಡ್ಡ ಡೀಸೆಲ್ ಲಾರಿಗಳಿಗೆ 2010 ಅಥವಾ ಆಮೇಲಿನ ಎಂಜಿನ್ ಬೇಕೇ ಬೇಕು. 2007ಕ್ಕೆ ನಿಂತುಹೋದ 379ನ್ನು ಅದರ ಹಳೇ ಎಂಜಿನ್ ಸಮೇತ ಪಕ್ಕದ ರಾಜ್ಯದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅಂಗಳದಲ್ಲಿ ನಿಲ್ಲಿಸಿ ಪೂಜೆ ಮಾಡಬೇಕಷ್ಟೆ.

ಪಾಜಿಯದು ಅಂಥ ಕೆಲಸ ಅಲ್ಲ. ಇಲ್ಲಿನ ಕಣಿವೆಯ ಹಣ್ಣು ತರಕಾರಿ ತುಂಬಿದ ತಣ್ಣನೆ ಡಬ್ಬವನ್ನು ಟೆಕ್ಸಾಸ್‌ಗೋ ನ್ಯೂಜೆರ್ಸಿಗೋ ಒಯ್ಯೋದು. ಎತ್ತರದ ಟ್ರೇಲರ್, ಉದ್ದದ ದಾರಿ. ಅದರ ಮೇಲೆ ಇಂಧನ ಸರ್ಚಾರ್ಜ್ ಅಂತ ಒಂದಿದೆ. ಡೀಸೆಲ್ ಏರಿದರೆ ಸರಕಿನವರು ಮೈಲಿಗೆ ಇಷ್ಟು ಅಂತ ಜಾಸ್ತಿ ಕೊಡ್ತಾರೆ. ಇವತ್ತಿನ ದರದಲ್ಲಿ ಒಂದು ಮೂಲ ದರ ಕಳೆದು, ಬಂದದ್ದನ್ನು ಒಂದು ನಿಗದಿ ಮೈಲೇಜಿನಿಂದ ಭಾಗಿಸ್ತಾರೆ. ಆ ಮೈಲೇಜ್ ಅನೇಕ ಕರಾರುಗಳಲ್ಲಿ 6ರ ಆಸುಪಾಸು. ಮೂಲ ದರ 1.20 ಡಾಲರ್ ಅಂದುಕೊಳ್ಳಿ. ಡೀಸೆಲ್ 4 ಡಾಲರ್ ಇದ್ದಾಗ ಮೈಲಿಗೆ 46.7 ಸೆಂಟ್ ಸಿಗುತ್ತೆ. 8 ಕೊಡೋ ಲಾರಿಗೆ ಮೈಲಿಗೆ ಆಗೋ ಇಂಧನ ಖರ್ಚೇ 50 ಸೆಂಟ್, 6 ಕೊಡೋದಕ್ಕೆ 66.7. ನಿಮ್ಮ ಲಾರಿಯ ಮೂಗು ಎಂಥದ್ದು ಅಂತ ಸರಕಿನವರು ಕೇಳಲ್ಲ, ಇಬ್ಬರಿಗೂ ಒಂದೇ ದುಡ್ಡು. ಅದರಲ್ಲಿ ಒಬ್ಬನಿಗೆ ಡೀಸೆಲ್ ಹೆಚ್ಚುಕಡಿಮೆ ಸರಿಹೋಗುತ್ತೆ, ಇನ್ನೊಬ್ಬ ಪ್ರತಿ ಮೈಲಿಗೂ ಜೇಬಿನಿಂದ 20 ಸೆಂಟ್ ಹಾಕ್ತಾನೆ. ಪಾಜಿ ಸುಮ್ಮನಾಗಿದ್ದು ಈ ಜಾಗದಲ್ಲೇ. ಅಲ್ಲಿವರೆಗೆ ಮೈಲೇಜ್ ಅಂದರೆ ಉಳಿತಾಯ ಅಂತಷ್ಟೇ ಅವರು ಅಂದುಕೊಂಡಿದ್ದರು.

ಭಾಭೀಜಿ ಮಾತ್ರ ಗೆದ್ದೆ ಅಂತ ಬೀಗಲಿಲ್ಲ. ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು, "ಇದು ಲಾರಿಯ ಲೆಕ್ಕ ಆಯ್ತು, ಇವರ ಕಾಲಿನ ಲೆಕ್ಕ ಹಾಕು" ಅಂದರು. ಸರಿಯಾದ ಮಾತು. ಗಂಟೆಗೆ 55 ಮೈಲಿ ದಾಟಿದ ಮೇಲೆ ಪ್ರತಿ ಒಂದು ಮೈಲಿ ವೇಗಕ್ಕೆ ಮೈಲೇಜ್ 0.1 ಇಳಿಯುತ್ತೆ ಅನ್ನೋದು ಇಲ್ಲಿ ಎಲ್ಲರೂ ಬಳಸೋ ಅಂದಾಜು. ಅಂದರೆ ಕ್ಯಾಸ್ಕೇಡಿಯಾ ತಗೊಂಡು ಹೊರರಾಜ್ಯದ ಹೆದ್ದಾರಿಯಲ್ಲಿ 75ಕ್ಕೆ ಓಡಿಸಿದರೆ, 65ಕ್ಕೆ ಓಡಿಸಿದ್ದಕ್ಕಿಂತ ಪೂರ್ತಿ ಒಂದು ಮೈಲಿ ಹೋಯ್ತು, ಮೂಗಿನಿಂದ ಗಳಿಸಿದ್ದರಲ್ಲಿ ಅರ್ಧ. 600 ಮೈಲಿ ದಾರಿಗೆ 75ರಲ್ಲಿ ಎಂಟು ಗಂಟೆ, 65ರಲ್ಲಿ ಒಂಬತ್ತೂಕಾಲು. ದಿನಕ್ಕೆ ಓಡಿಸಲು ಕಾನೂನು ಕೊಡೋದು 11 ಗಂಟೆ, ಎರಡೂ ಅದರೊಳಗೇ ಇವೆ. ರಾತ್ರಿ ಎಂಜಿನ್ ಚಾಲೂ ಇಟ್ಟು ಮಲಗೋ ಅಭ್ಯಾಸವೂ ಇದೆಯಲ್ಲ, ಬಿಸಿಗೋ ತಂಪಿಗೋ. ಗಂಟೆಗೆ ಸುಮಾರು 0.8 ಗ್ಯಾಲನ್ ಹೋಗುತ್ತೆ. ಎಂಟು ಗಂಟೆಯ ಹಾಗೆ ವರ್ಷಕ್ಕೆ 250 ರಾತ್ರಿ ಅಂದರೆ 1,600 ಗ್ಯಾಲನ್, 6,400 ಡಾಲರ್. ಇದಕ್ಕೆ ಯಾವ ಮೂಗೂ ಕಾರಣ ಅಲ್ಲ. ಪುಟ್ಟ ಸಹಾಯಕ ಎಂಜಿನ್ ಇರೋ ಗಾಡಿ ಹುಡುಕಿ ಅಂತ ನಾನು ಹೇಳಿದ್ದು ಅದಕ್ಕೇ.

ಮೂರು ವಾರ ಹುಡುಕಿ ಪಾಜಿ ತಗೊಂಡಿದ್ದು ನಾಲ್ಕು ವರ್ಷ ಹಳೇ ಕ್ಯಾಸ್ಕೇಡಿಯಾ. ಬಿಳಿ ಬಣ್ಣ, ಬೀದಿಯಲ್ಲಿ ಹತ್ತು ನಿಂತರೆ ಗುರುತು ಸಿಗದಂಥದ್ದು. ಅವರ ಎಂಟು ವರ್ಷದ ಮಗ ಸುತ್ತ ಒಂದು ಸುತ್ತು ಬಂದು, ಇದು ಆಪ್ಟಿಮಸ್ ಪ್ರೈಮ್ ಅಲ್ಲ ಅಂತ ತೀರ್ಪು ಕೊಟ್ಟು ಒಳಗೆ ಹೋದ. ಭಾಭೀಜಿ ಆ ತಿಂಗಳ 1,390ರಲ್ಲಿ ತಿಂಗಳಿಗೆ 90 ಡಾಲರ್ ಪಾಜಿಯ ಶೋಕಿಗೆ ಅಂತ ಬೇರೆ ತೆಗೆದಿಟ್ಟಿದ್ದಾರೆ. ಮೊದಲ ತಿಂಗಳ ದುಡ್ಡಿನಲ್ಲಿ ಮಲಗೋ ಕೋಣೆಗೆ ಒಳ್ಳೆ ಹಾಸಿಗೆ ಬಂತು. ಈಗ ಹಳದಿ ದೀಪದ ಮಾತು ನಡೀತಾ ಇದೆ. ದೀಪ ಗಾಳಿಗೆ ಅಡ್ಡ ಬರದ ಹಾಗೆ ಎಲ್ಲಿ ಕೂರಿಸಬಹುದು ಅಂತ ಮೊನ್ನೆ ಇಬ್ಬರೂ ಲಾರಿ ಪಕ್ಕ ನಿಂತು ವಾದ ಮಾಡ್ತಾ ಇದ್ದರು.