ಗೊಬ್ಬಳಿ ಮರದ ಹೆಸರು ಕಸಿದವರು ಯಾರು?

ಗೊಬ್ಬಳಿ ಮರ ಗೊತ್ತಲ್ಲ? ಕೆಲವು ಕಡೆ ಕರಿಜಾಲಿ ಎನ್ನುತ್ತಾರೆ. ಗಾಡಿ ಚಕ್ರಕ್ಕೆ, ನೇಗಿಲಿಗೆ, ಕುಂಟೆಗೆ ಅದೇ ಮರ. ಕಡ್ಡಿ ಹಲ್ಲುಜ್ಜಲು, ತೊಗಟೆ ಚರ್ಮ ಹದ ಮಾಡಲು, ಕಾಯಿ ಆಡು-ಕುರಿಗೆ. ವಿಜ್ಞಾನದಲ್ಲಿ ಈ ಮರದ ಹೆಸರು ಅಕೇಶಿಯಾ ನೈಲೋಟಿಕಾ ಎಂದಿತ್ತು. ಈಗ ಆ ಹೆಸರು ಅದಕ್ಕಿಲ್ಲ! ಹೆಸರು ಆಸ್ಟ್ರೇಲಿಯಾದ ಪಾಲಾಗಿದೆ.

"ಮರದ ಲ್ಯಾಟಿನ್ ಹೆಸರಿಗೂ ಕನ್ನಡ ಹೋರಾಟಕ್ಕೂ ಏನ್ರೀ ಸಂಬಂಧ?" ಎಂದು ಮೂಗು ಮುರಿಯಬೇಡಿ. ಪೂರ್ತಿ ಓದಿ.

ಒಂದೇ ಹೆಸರು ಇಬ್ಬರಿಗಿಲ್ಲ

ವಿಜ್ಞಾನದಲ್ಲಿ ಹೆಸರಿಡುವುದಕ್ಕೆ ಕಟ್ಟುನಿಟ್ಟಿನ ಕಾನೂನಿದೆ. ಮೊದಲು ಯಾರು ಇಟ್ಟರೋ ಅದೇ ಹೆಸರು. ಒಂದೇ ಹೆಸರು ಎರಡು ಪ್ರಾಣಿ ಕುಲಗಳಿಗೆ ಇರಕೂಡದು. 1799ರಲ್ಲಿ ಆಸ್ಟ್ರೇಲಿಯಾದ ಬಾತುಕೊಕ್ಕಿನ ಪ್ರಾಣಿಗೆ 'ಪ್ಲಾಟಿಪಸ್' ಎಂದು ಹೆಸರಿಟ್ಟರು. ಆದರೆ 1793ರಲ್ಲೇ ಒಂದು ಜೀರುಂಡೆಗೆ ಆ ಹೆಸರು ಕೊಟ್ಟಾಗಿತ್ತು. ಅಷ್ಟು ವಿಚಿತ್ರವಾದ ಪ್ರಾಣಿಯೇ ತಲೆಬಾಗಿ ಆರ್ನಿಥೋರಿಂಕಸ್ ಎಂಬ ಹೊಸ ಹೆಸರು ತೊಡಬೇಕಾಯಿತು. ಜೀರುಂಡೆ ಗೆದ್ದಿತು. ಕಾನೂನು ಎಂದರೆ ಹಾಗಿರಬೇಕು.

ಅಕೇಶಿಯಾ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು. 1754ರಲ್ಲಿ ಫಿಲಿಪ್ ಮಿಲ್ಲರ್ ಪ್ರಕಟಿಸಿದ ಈ ಕುಲದಲ್ಲಿ ಮುಂದೆ 1,300ಕ್ಕೂ ಹೆಚ್ಚು ಜಾತಿಯ ಮರಗಿಡಗಳು ಸೇರಿಕೊಂಡವು. ಅವೆಲ್ಲ ಒಂದೇ ವಂಶದವಲ್ಲ ಎಂದು ತಿಳಿದಾಗ ಕುಲವನ್ನು ಒಡೆಯಲೇಬೇಕಾಯಿತು. ಮನೆ ಪಾಲಾದಾಗ ಮನೆತನದ ಹೆಸರು ಯಾರಿಗೆ? ಮೂಲ ಮಾದರಿ ಯಾವ ಗುಂಪಿನಲ್ಲಿದೆಯೋ ಆ ಗುಂಪಿಗೆ. ಆ ಮಾದರಿ ನಮ್ಮ ಗೊಬ್ಬಳಿಯೇ! ನಿಯಮದಂತೆ ಹೆಸರು ಭಾರತ-ಆಫ್ರಿಕಾದ ಮುಳ್ಳುಮರಗಳಿಗೇ ಉಳಿಯಬೇಕಿತ್ತು.

2003ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮಾದರಿಯನ್ನೇ ಬದಲಿಸಿ ಎಂದು ಅರ್ಜಿ ಹಾಕಿದರು. ನಮ್ಮಲ್ಲಿ ಸುಮಾರು 1,000 ಜಾತಿಗಳಿವೆ, ಅಷ್ಟೂ ಹೆಸರು ಬದಲಿಸುವುದು ಗೊಂದಲ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಅವರ ರಾಷ್ಟ್ರೀಯ ಹೂವು ಕೂಡ ಒಂದು ಅಕೇಶಿಯಾವೇ. ಆದರೆ ಮುಂದೆ ನಡೆದದ್ದು ನೋಡಿ.

ಬಹುಮತ ಇದ್ದೂ ಸೋತರು!

2005ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ. ಮತಕ್ಕೆ ಹಾಕಿದಾಗ ಸುಮಾರು ಶೇ. 55 ಮತ ಆಸ್ಟ್ರೇಲಿಯಾದ ಬೇಡಿಕೆಗೆ ವಿರುದ್ಧವಾಗಿಯೇ ಬಿತ್ತು. ಆದರೂ ಆಸ್ಟ್ರೇಲಿಯಾ ಗೆದ್ದಿತು! ಹೇಗೆ? ಸಮಿತಿ ಮೊದಲೇ ಶಿಫಾರಸು ಮಾಡಿಬಿಟ್ಟಿತ್ತು. ಸಮಿತಿಯ ಮಾತು ತಳ್ಳಿಹಾಕಲು ಶೇ. 60 ಮತ ಬೇಕಿತ್ತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನದಲ್ಲಿ ವಿರೋಧಿಗಳು ಮತ್ತೆ ಕೂಗೆಬ್ಬಿಸಿದರು. ಪ್ರಯೋಜನವಾಗಲಿಲ್ಲ.

ಫಲವೇನು? ನಮ್ಮ ಗೊಬ್ಬಳಿ ಈಗ 'ವಾಚೆಲಿಯಾ ನೈಲೋಟಿಕಾ'. ಯಾರು ಈ ವಾಚೆಲ್? ಮಕಾವ್‌ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿ! ಅಜ್ಜಿಯರು ತಲೆಗೆ ಹಾಕುತ್ತಿದ್ದ ಸೀಗೆ, ವೀಳ್ಯದ ಜೊತೆಯ ಕಾಚಿನ ಮರ ಎರಡೂ 'ಸೆನೆಗಾಲಿಯಾ' ಪಾಲಾದವು. ಇತ್ತ ನಮ್ಮ ಮಲೆನಾಡಿನ ಗುಡ್ಡಗಳಲ್ಲಿ ಅರಣ್ಯ ಇಲಾಖೆ ಸಾಲುಸಾಲಾಗಿ ನೆಟ್ಟ ಆಸ್ಟ್ರೇಲಿಯಾದ ಮರಕ್ಕೆ ಅಕೇಶಿಯಾ ಎಂಬ ಹೆಸರು ಭದ್ರವಾಗಿದೆ. ನೆಲವೂ ಅದಕ್ಕೆ, ಹೆಸರೂ ಅದಕ್ಕೆ!

ಪ್ರೆಸ್ ನಡೆಸುವ ನನಗೆ ಇದರ ಗುಟ್ಟು ಚೆನ್ನಾಗಿ ಗೊತ್ತು. ತಪ್ಪನ್ನು ಪ್ರೂಫ್‌ನಲ್ಲೇ ಹಿಡಿಯಬೇಕು. ಅಚ್ಚಾಗಿ ಬೈಂಡ್ ಆದ ಮೇಲೆ ಬಂದು ಬೊಬ್ಬೆ ಹೊಡೆದರೆ ಏನು ಬಂತು? ಹೆಸರಿನ ಜಗಳದಲ್ಲಿ ಸಮಿತಿಯೇ ಪ್ರೂಫ್. ಅಲ್ಲಿ ಕೂತವನು ಗೆಲ್ಲುತ್ತಾನೆ.

ಕೂತು ಗೆದ್ದವರೂ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಕರಿಯರನ್ನು ಹೀನಾಯವಾಗಿ ಬೈಯಲು ಬಳಸುತ್ತಿದ್ದ ಪದವೊಂದು 200ಕ್ಕೂ ಹೆಚ್ಚು ಸಸ್ಯಗಳ ಹೆಸರಿನಲ್ಲಿ 'ಕಾಫ್ರಾ' ಎಂಬ ರೂಪದಲ್ಲಿ ಅಂಟಿಕೊಂಡಿತ್ತು. ಅಲ್ಲಿನ ವಿಜ್ಞಾನಿಗಳು ನಿಯಮ ಓದಿ, ಅರ್ಜಿ ಬರೆದು, ಬೆಂಬಲ ಕೂಡಿಸಿದರು. 2024ರ ಮ್ಯಾಡ್ರಿಡ್ ಸಮ್ಮೇಳನದಲ್ಲಿ 351 ಮತ ಪರ, 205 ವಿರುದ್ಧ. 'ಕಾಫ್ರಾ' ಹೋಗಿ 'ಆಫ್ರಾ' ಆಯಿತು. ಒಂದಕ್ಷರ ತೆಗೆದು ಒಂದು ಅವಮಾನ ಅಳಿಸಿದರು!

ನಮ್ಮ ಮನೆಯ ಲೆಕ್ಕ

ಈಗ ನಮ್ಮ ಕಡೆ ನೋಡಿ. 'ಬಳ್ಳಾರಿ ಜಾಲಿ' ಎನ್ನುತ್ತೇವಲ್ಲ, ಅದು ಬಳ್ಳಾರಿಯದ್ದೇ? ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯಿಂದ 19ನೇ ಶತಮಾನದಲ್ಲಿ ಬಂದ ಪರದೇಶಿ. ತಮಿಳರು ಅದನ್ನು 'ಸೀಮೆ' ಮರವೆಂದೇ ಕರೆದರು. ನಾವು ಕೆರೆ, ಗೋಮಾಳ ನುಂಗುವ ಮುಳ್ಳಿಗೆ ನಮ್ಮದೇ ಊರಿನ ಹೆಸರು ಕೊಟ್ಟು ಕೂತಿದ್ದೇವೆ! 2014ರಲ್ಲಿ ಇಂಗ್ಲಿಷಿನ 'ಬೆಲ್ಲಾರಿ'ಯನ್ನು ತಿದ್ದಿ 'ಬಳ್ಳಾರಿ' ಮಾಡಿಸಿಕೊಂಡ ನಮಗೆ ಇದೇಕೆ ಚುಚ್ಚುವುದಿಲ್ಲ?

ವಿಜ್ಞಾನದ ಹೆಸರೆಲ್ಲ ಕನ್ನಡವಾಗಲಿ ಎಂಬ ಹುಚ್ಚು ಬೇಡಿಕೆ ನನ್ನದಲ್ಲ. ಆ ಬಾಗಿಲು ಮುಚ್ಚಿಯೂ ಇಲ್ಲ. ಪಶ್ಚಿಮ ಘಟ್ಟದಲ್ಲಿ ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ನಮ್ಮವರೇ ಇಟ್ಟ ಹೆಸರು 'ನಿಕ್ಟಿಬಟ್ರಾಕಸ್ ಕುಂಬಾರ'. ಮಡಕೆ ಮಾಡುವ ಕುಂಬಾರ ಈಗ ಜಗತ್ತಿನ ವಿಜ್ಞಾನದಲ್ಲಿದ್ದಾನೆ. ಬೀದಿಗಿಳಿಯದೆ, ಓದಿ ಗಳಿಸಿದ ಗೆಲುವು ಅದು.

ಯುವಕರೇ, ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕೆಂದು ಬೀದಿಗಿಳಿದಿರಿ, 2024ರಲ್ಲಿ ಕಾನೂನಾಯಿತು. ಸರಿ. ಆ ಬೋರ್ಡಿನ ಪಕ್ಕದಲ್ಲೇ ನಿಂತಿರುವ ಮರದ ಕನ್ನಡ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪಾರ್ಕಿನ ಮರಗಳ ಫಲಕದಲ್ಲಿ ಮೊದಲು ಕನ್ನಡ ಹೆಸರು ಇರಲಿ, ಆಮೇಲೆ ಇಂದಿನ ಸರಿಯಾದ ವೈಜ್ಞಾನಿಕ ಹೆಸರು ಇರಲಿ. ಶಾಲೆಯ ಪುಸ್ತಕದಲ್ಲೂ ಹಾಗೆಯೇ. ಜೀವಶಾಸ್ತ್ರ ಓದುವ ಕನ್ನಡದ ಹುಡುಗ-ಹುಡುಗಿಯರು ನಿಯಮದ ಪುಸ್ತಕ ಹಿಡಿದು ಆ ಸಮಿತಿಗಳ ಕುರ್ಚಿಗೇ ಹೋಗಲಿ.

ಲ್ಯಾಟಿನ್ ಹೆಸರು ಮತದಿಂದ ಬದಲಾಗುತ್ತದೆ. ಗೊಬ್ಬಳಿ ಎಂಬ ಹೆಸರನ್ನು ಯಾವ ವಿಯೆನ್ನಾವೂ ಕಸಿಯಲಾರದು. ಅದನ್ನು ಕೊಲ್ಲುವ ಶಕ್ತಿ ಇರುವುದು ಒಂದಕ್ಕೇ: ನಮ್ಮ ಮರೆವಿಗೆ.